ಖಾರ್ಕಿವ್‌ನ ಚಿತ್ರಗಳ ಬಗ್ಗೆ ಬರೆಯುವ ತಮ್ಮನಿಗೆ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ಉಕ್ರೇನಿನ ಛಾಯಾಗ್ರಾಹಕ ಬೋರಿಸ್ ಮಿಖಾಯ್ಲೋವ್ ಅವರ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲೇ ‘ಕರುಣಾಜನಕ’, ‘ಹೃದಯವಿದ್ರಾವಕ’, ‘ಅಸಹಾಯಕ’ ಎಂಬ ಪದಗಳು ಸಾಲಾಗಿ ಬಂದು, ಚಿತ್ರದಲ್ಲಿರುವ ಮನುಷ್ಯರು ನನ್ನ ಕಣ್ಣಿಗೆ ಬೀಳದಂತೆ ಅಡ್ಡ ನಿಂತುಬಿಟ್ಟವು. ಅವನ್ನು ಹೊಡೆದುಹಾಕು.

ಆ ಚಿತ್ರಗಳಲ್ಲಿರುವ ಜನರನ್ನು ಕರೆಯುವ ‘ಬೋಮ್ಜ್’ ಎಂಬ ರಷ್ಯನ್ ಪದವನ್ನು ನೀನು ‘ಭಿಕ್ಷುಕ’ ಎಂದು ಕನ್ನಡಿಸಿದ್ದೀಯ. ಅದು ಸೋವಿಯತ್ ಪೊಲೀಸರ ಕಡತದಲ್ಲಿ ಹುಟ್ಟಿದ ಸಂಕ್ಷಿಪ್ತ ಪದ. ‘ಗೊತ್ತಾದ ವಾಸಸ್ಥಳ ಇಲ್ಲದವನು’ ಎಂದು ಅದರ ಅರ್ಥ. ಭಿಕ್ಷುಕನಿಗೂ ಮನೆ ಕಳೆದುಕೊಂಡವನಿಗೂ ಇರುವ ಅಂತರವೇ ಈ ಚಿತ್ರಗಳ ಜೀವಾಳ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, 1993ರ ಒಂದೇ ವರ್ಷದಲ್ಲಿ ಉಕ್ರೇನಿನ ಬೆಲೆಗಳು ನೂರು ಪಟ್ಟು ಏರಿದವು, ಸಂಬಳ ಮತ್ತು ಉಳಿತಾಯಗಳು ನೀರಾದವು. ಮಿಖಾಯ್ಲೋವ್ 1997-98ರಲ್ಲಿ ತಮ್ಮ ಊರಾದ ಖಾರ್ಕಿವ್‌ನಲ್ಲಿ ತೆಗೆದ ಸುಮಾರು 400 ಚಿತ್ರಗಳಲ್ಲಿ ಕಾಣುವವರು ಹೀಗೆ ಬೀದಿಗೆ ಬಿದ್ದವರು.

ಅವರಿಗೆ ಮಿಖಾಯ್ಲೋವ್ ಹಣ ಕೊಟ್ಟಿದ್ದರು, ಅದನ್ನು ಮುಚ್ಚಿಡಲಿಲ್ಲ. ನಿನ್ನ ಲೇಖನದಲ್ಲಿ ಆ ಹಣದ ಮಾತೇ ಇಲ್ಲ. ಹಿಮದಲ್ಲಿ ನಿಂತು ಅಂಗಿ ಎತ್ತಿ ಮೈಮೇಲಿನ ಗಾಯದ ಗುರುತನ್ನು ತೋರಿಸುವವನು ತನಗೆ ತಾನೇ ಹಾಗೆ ನಿಂತಿಲ್ಲ. ಒಬ್ಬರು ಕೇಳಿದರು, ಅವನು ಒಪ್ಪಿದ, ನೋಟು ಕೈ ಬದಲಾಯಿತು. ಎಲ್ಲವೂ ಮಾರಾಟಕ್ಕೆ ಬಂದಿದ್ದ ಆ ಕಾಲದಲ್ಲಿ ದೇಹವೂ ಸರಕಾಗಿತ್ತೆಂಬುದನ್ನು ಆ ನೋಟೇ ಹೇಳುತ್ತದೆ. ಕೆಲವರನ್ನು ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಭಂಗಿಯಲ್ಲಿ ನಿಲ್ಲಿಸಿರುವುದು ನನಗಂತೂ ಈಗಲೂ ಮುಜುಗರ ತರುತ್ತದೆ, ಮತ್ತು ಆ ಮುಜುಗರವನ್ನು ಮರೆಸದೆ ಬರೆಯುವುದೇ ನ್ಯಾಯವೆಂದು ನಂಬಿದ್ದೇನೆ.

ಹಾಗಾದರೆ ಇಂಥ ಚಿತ್ರಗಳನ್ನು ತೆಗೆಯಲೇಬೇಕಿತ್ತೇ ಎಂದು ನೀನು ಕೊನೆಯಲ್ಲಿ ಕೇಳಿದ್ದೀಯ. ಇದೇ ಖಾರ್ಕಿವ್‌ನಲ್ಲಿ 1933ರ ಬರಗಾಲದಲ್ಲಿ ಜನ ಕಾಲುದಾರಿಯ ಮೇಲೆ ಸಾಯುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಆಸ್ಟ್ರಿಯಾದ ಎಂಜಿನಿಯರ್ ಅಲೆಕ್ಸಾಂಡರ್ ವೀನರ್‌ಬರ್ಗರ್ ಕದ್ದು ತೆಗೆದು ದೇಶದಾಚೆ ಸಾಗಿಸಿದ ಚಿತ್ರಗಳು ಇಲ್ಲದಿದ್ದರೆ, ಬಿದ್ದವರ ಪಕ್ಕದಲ್ಲೇ ನಡೆದುಹೋಗುವ ಜನರನ್ನು ನಾವು ಕಾಣುತ್ತಲೇ ಇರಲಿಲ್ಲ. ಆಳುವವರು ಆ ಸಾವುಗಳನ್ನೇ ಅಲ್ಲಗಳೆದಿದ್ದರು.

ಒಂದೇ ಚಿತ್ರವನ್ನು ಆರಿಸಿಕೊಂಡು ಮತ್ತೆ ಬರೆ. ಕಾಲಿಗೆ ಏನಿದೆ, ಕೈಯಲ್ಲಿ ಏನಿದೆ, ನೋಟ ಎತ್ತ ಇದೆ, ಕ್ಯಾಮೆರಾ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಮೊದಲು ಹೇಳಿ, ಹಣದ ವಿಷಯವನ್ನು ಎರಡನೆಯ ಪ್ಯಾರಾದಲ್ಲೇ ತಂದುಬಿಡು. ಬರೆದಾದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.