ಶಾಲೆ ಹಿಂದಿನ ಕಾಂಗ್ರೆಸ್ ಗಿಡ

ಪ್ರೀತಿಯ ಶಿವು,

ನಮ್ಮ ಶಾಲೆ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ಒಂದು ಜಾಗ ಇತ್ತಲ್ಲ, ನಾಲೆ ಕಡೆಯಿಂದ ಮುರಿದುಕೊಂಡು ಬಂದ ಕಬ್ಬನ್ನು ಕೂತು ಜಗಿಯುತ್ತಿದ್ದೆವಲ್ಲ, ನೆನಪಿದೆಯಾ? ಮೇಷ್ಟ್ರಾಗಿ ವಾಪಸ್ ಬಂದಾಗ ಅಲ್ಲಿ ಕಾಲಿಡೋಕೂ ಆಗುತ್ತಿರಲಿಲ್ಲ. ಎದೆಮಟ್ಟ ಕಾಂಗ್ರೆಸ್ ಗಿಡ. ಮುರಿದ ಬೆಂಚು, ಗುಟ್ಕಾ ಚೀಟಿ, ಯಾರದೋ ಮನೆ ಕೆಡವಿದ ಮಣ್ಣು.

"ಔಷಧಿ ಹೊಡೆಸ್ಬುಡಿ ಮೇಷ್ಟ್ರೇ, ಸುಟ್ಟೋಯ್ತದೆ" ಅಂದರು ಊರಿನವರು. ಮಕ್ಕಳು ಬಿಸಿಯೂಟಕ್ಕೆ ಕೂರುವ ಜಗಲಿಯಿಂದ ಹತ್ತು ಹೆಜ್ಜೆ ಅದು. ಮನಸ್ಸು ಒಪ್ಪಲಿಲ್ಲ. ಏಳನೇ ಕ್ಲಾಸಿನವರಿಗೆ, ಇನ್ಮೇಲೆ ಶನಿವಾರದ ವಿಜ್ಞಾನ ಪಾಠ ಇಲ್ಲೇ ಅಂದುಬಿಟ್ಟೆ.

ಮೊದಲ ತಪ್ಪು ನನ್ನದೇ ಕಣೋ. ಹೂ ಬಿಟ್ಟ ಗಿಡಗಳನ್ನೆಲ್ಲ ಕೀಳಿಸಿ ಗೊಬ್ಬರದ ಗುಂಡಿಗೆ ಹಾಕಿಸಿದೆ. ಎರಡು ತಿಂಗಳು ಬಿಟ್ಟು ಆ ಗೊಬ್ಬರವನ್ನೇ ಹುರುಳಿಕಾಯಿ ಮಡಿಗೆ ಹರಡಿದೆವು. ಹುರುಳಿಕಾಯಿಗಿಂತ ಮೊದಲು ಎದ್ದಿದ್ದು ಕಾಂಗ್ರೆಸ್ಸೇ! ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಜಾಸ್ತಿ ಬೀಜ ಉದುರಿಸಬಲ್ಲದು. ಗುಂಡಿ ಸರಿಯಾಗಿ ಬಿಸಿಯಾಗದಿದ್ದರೆ ಬೀಜ ಸಾಯುವುದಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಮಕ್ಕಳು ನಕ್ಕರು, ಆಮೇಲೆ ನಾಲ್ಕು ಕಡ್ಡಿ ನೆಟ್ಟು, ದಾರ ಕಟ್ಟಿ, ಒಂದು ಮೀಟರ್ ಚೌಕದಲ್ಲಿ ಸಸಿ ಎಣಿಸಿದರು. 212. ಉಬ್ಬಸ ಇರುವ ಹುಡುಗನೊಬ್ಬನನ್ನು ಗಿಡದ ಹತ್ತಿರ ಬಿಡುವ ಹಾಗಿಲ್ಲ. ಜಗಲಿ ಮೇಲೆ ಕೂತು ಲೆಕ್ಕ ಬರೆದುಕೊಳ್ಳುವ ಕೆಲಸ ಅವನದು. ಈಗ ಅವನನ್ನು ಕೇಳದೆ ಯಾರೂ ಒಂದು ಗಿಡ ಕೀಳುವುದಿಲ್ಲ!

ಎರಡನೇ ಸಲ ಹುಷಾರಾದೆವು. ಮಳೆ ಬಿದ್ದು ನೆಲ ಹಸಿ ಇದ್ದಾಗ, ಹೂ ಬರೋಕೆ ಮುಂಚೆ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಬೇರುಸಹಿತ ಕಿತ್ತೆವು. ನಾನು ಮಾತ್ರ ಕವರ್ ಕಟ್ಟಿಕೊಳ್ಳಲಿಲ್ಲ. ಮೂರು ದಿನ ಮೊಣಕೈವರೆಗೂ ತುರಿಕೆ. ಗುಡ್ಡೆ ಹಾಕಿ ಕಡ್ಡಿ ಗೀರಬೇಕು, ಅಷ್ಟರಲ್ಲಿ ಒಬ್ಬಳು ಓಡಿಬಂದಳು. "ಸಾ, ಬೆಂಕಿ ಹಾಕ್ಬ್ಯಾಡಿ ಸಾ, ಇದ್ರಲ್ಲಿ ಹುಳ ಅವೆ!"

ತೊಗರಿಕಾಳಿನಷ್ಟು ದಪ್ಪ. ಕೆನೆ ಬಣ್ಣದ ಬೆನ್ನು, ಅದರ ಮೇಲೆ ಕೈ ನಡುಗುವವರು ಎಳೆದಂಥ ಕಪ್ಪು ಪಟ್ಟೆ. ಎಲೆಯೆಲ್ಲ ಜರಡಿ. ಕಾಂಗ್ರೆಸ್ ಗಿಡ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳದ ಸಂತತಿ ಅದು. ನಮ್ಮ ಟ್ಯಾಂಕಿನ ಪಕ್ಕಕ್ಕೆ ಅದು ಯಾವಾಗ ಬಂತೋ! ಹೇಳದೆ ಕೇಳದೆ ಬಂದು, ಸಂಬಳವಿಲ್ಲದೆ ದುಡಿಯುತ್ತಿತ್ತು. ನಾನು ಅದನ್ನೇ ಸುಡೋಕೆ ಹೊರಟಿದ್ದೆ.

ಆಮೇಲೆ ಕ್ಲಾಸಿನಲ್ಲಿ ದೊಡ್ಡ ಜಗಳ. ಗಿಡ ಪೂರ್ತಿ ಕಿತ್ತರೆ ಹುಳ ಏನು ತಿನ್ನಬೇಕು? ಬಿಟ್ಟರೆ ಬೀಜ ಉದುರಲ್ವಾ? ಕೊನೆಗೆ ಕಾಂಪೌಂಡ್ ಮೂಲೆಯಲ್ಲಿ ನಾಲ್ಕು ಹೆಜ್ಜೆ ಜಾಗ ಹುಳಕ್ಕೆ ಅಂತ ಬಿಟ್ಟೆವು. ಅಲ್ಲಿ ಹೂ ಕಂಡರೆ ಮಾತ್ರ ಚಿವುಟುವುದು. ಮಿಕ್ಕ ಕಡೆ ರಸ್ತೆ ಬದಿಯಿಂದ ತಂದ ತಗಚೆ ಬೀಜ ಎರಚಿದ್ದೇವೆ. ಅದು ಒತ್ತಾಗಿ ಎದ್ದರೆ ಕಾಂಗ್ರೆಸ್ ಸಸಿಗೆ ಬಿಸಿಲು ಸಿಗುವುದಿಲ್ಲ. ತಗಚೆ ಎಲೆ ಮೇಲೆ ಮೊಟ್ಟೆ ಇಡೋಕೆ ಹಳದಿ ಚಿಟ್ಟೆಗಳು ಬರುತ್ತಿವೆ. ಇದು ನನ್ನ ಪ್ಲಾನಿನಲ್ಲೇ ಇರಲಿಲ್ಲ.

ಕೈ ತೊಳೆದ ನೀರು ನಿಲ್ಲಲಿ ಅಂತ ಒಂದು ಗುಂಡಿಯನ್ನೂ ತೋಡಿದ್ದಾರೆ. ಅಗಲ ಒಂದು ಚಾಪೆಯಷ್ಟು, ಅಷ್ಟೇ. ಹೆಸರು ಮಾತ್ರ ಕಾಮೇಗೌಡರ ಕಟ್ಟೆ! ಕುರಿ ಕಾಯುತ್ತಲೇ ಬೆಟ್ಟದಲ್ಲಿ ಕಟ್ಟೆ ತೋಡಿದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯವರು, 2022ರಲ್ಲಿ ತೀರಿಕೊಂಡರಲ್ಲ, ಅವರೇ.

ಬೇಸಿಗೆ ಹತ್ತಿರ ಬಂತು. ಪಟ್ಟೆ ಹುಳಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಮಳೆ ಬರುವವರೆಗೂ ಮಣ್ಣೊಳಗೆ ಮಲಗಿರುತ್ತವಂತೆ. ಅದಕ್ಕೇ ಆ ಮೂಲೆಯನ್ನು ಯಾರೂ ಅಗೆಯುವ ಹಾಗಿಲ್ಲ, ಮಕ್ಕಳು ಬೋರ್ಡ್ ಬರೆದು ನಿಲ್ಲಿಸಿದ್ದಾರೆ. ಕಾಗುಣಿತ ತಪ್ಪಿದೆ. ನಾನು ತಿದ್ದಿಲ್ಲ.

ಊರಹಬ್ಬಕ್ಕೆ ಬರುತ್ತೀಯಲ್ಲ, ಬರುವಾಗ ಎರಡು ಒಳ್ಳೆ ಭೂತಗನ್ನಡಿ ತಗೊಂಡು ಬಾ. ಶಾಲೆಯಲ್ಲಿರುವುದು ಒಂದೇ, ಅದಕ್ಕೂ ಹಿಡಿ ಇಲ್ಲ.

ನಿನ್ನ,
ಮಂಜ