ಮಗಳಿಗೊಂದು ಪತ್ರ: ಹದಿನಾರು ಟಿಕ್ಕುಗಳು

ಪುಟ್ಟಿ,

ಭಾನುವಾರ ನೀನು ಬ್ಯಾಗ್ ಎತ್ತಿಕೊಂಡು ಹೊರಟ ಮೇಲೆ ಕೋಣೆ ಗುಡಿಸುವಾಗ ತೂಕ ಇಳಿಸಲು 21 ದಿನ ಓಡುತ್ತೇನೆ ಅಂತ ನೀನು ಹಾಕಿಕೊಂಡ ಚಾರ್ಟ್ ಸಿಕ್ಕಿತು. ನಾಲ್ಕು ಚೂರು. ಜೋಡಿಸಿ ನೋಡಿದೆ. 21 ಮನೆ, ಹದಿನಾರರಲ್ಲಿ ಟಿಕ್, ಎರಡು ಖಾಲಿ, ಉಳಿದ ಮೂರರ ಮೇಲೆ ಉದ್ದಕ್ಕೆ ಒಂದು ಗೀಟು. ಆವತ್ತು ನಾವಿಬ್ಬರೂ ಆಡಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ, ನಿನಗೂ ನೆನಪಿದೆ. ನನ್ನ ಒಂದು ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿನಗೆ ಛಲ ಇಲ್ಲ ಅಂದದ್ದು ಸುಳ್ಳು. ಹದಿನಾರು ದಿನ ಐದಕ್ಕೆದ್ದು ಓಡಿದವಳಿಗೆ ಹಾಗನ್ನಲು ನನಗೆ ಬಾಯಾದರೂ ಹೇಗೆ ಬಂತೋ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಚಾರ್ಟ್ ಅಲ್ಲ. ಶನಿವಾರ ಬೆಳಿಗ್ಗೆ ನೀನು ತೂಕದ ಮಷೀನ್ ಮೇಲೆ ಮೂರು ಸಲ ಹತ್ತಿ ಇಳಿದದ್ದು. ಮೊದಲು ಕಾಲೊರಸಿನ ಮೇಲಿಟ್ಟು ಹತ್ತಿದೆ. ಆಮೇಲೆ ಅದನ್ನು ಬರಿ ನೆಲಕ್ಕೆ ಎಳೆದೆ. ಮೂರನೇ ಸಲ ವಾಚ್ ಕೂಡ ಬಿಚ್ಚಿಟ್ಟು ಹತ್ತಿ, ತಲೆ ತಗ್ಗಿಸಿ ನಿಂತೇ ಇದ್ದೆ. ಬುಧವಾರಕ್ಕಿಂತ 1.4 ಕಿಲೋ ಜಾಸ್ತಿ. ಮಧ್ಯಾಹ್ನ ಹಸಿವಿಲ್ಲ ಅಂದೆ. ನಾನು ಬಾಗಿಲಲ್ಲೇ ನಿಂತು ನೋಡಿದ್ದೆ. ಆಗಲೇ ಹೇಳಬೇಕಿದ್ದನ್ನು ಈಗ ಬರೆಯುತ್ತಿದ್ದೇನೆ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. 1.4 ಕಿಲೋ ಕೊಬ್ಬು ಸೇರಬೇಕಾದರೆ ಆ ಮೂರು ದಿನದಲ್ಲಿ ನಿನಗೆ ಬೇಕಾದದ್ದಕ್ಕಿಂತ ಹತ್ತಿರಹತ್ತಿರ 10,800 ಕ್ಯಾಲರಿ ಹೆಚ್ಚು ತಿಂದಿರಬೇಕು. ಅಂದರೆ ಮೂರು ದಿನದ ಊಟದ ಮೇಲೆ ಇನ್ನೂ ಐದು ದಿನದ ಊಟ. ನೀನು ತಿಂದದ್ದು ಶುಕ್ರವಾರ ರಾತ್ರಿ ಹೊರಗೆ ಒಂದೇ ಒಂದು ಊಟ. ಮಷೀನ್ ತೋರಿಸಿದ್ದು ನೀರು, ಪುಟ್ಟಿ. ಪಿಷ್ಟ ತಿಂದಾಗ ದೇಹ ಅದನ್ನು ಗ್ಲೈಕೋಜನ್ ಮಾಡಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಇಟ್ಟುಕೊಳ್ಳುತ್ತದೆ, ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮ್ ನೀರನ್ನೂ ಹಿಡಿದಿಡುತ್ತದೆ. ಉಪ್ಪು ಜಾಸ್ತಿಯಾದರೆ ಇನ್ನಷ್ಟು ನೀರು. ಅಭ್ಯಾಸವಿಲ್ಲದ ವ್ಯಾಯಾಮದಿಂದ ನೊಂದ ಸ್ನಾಯುವೂ ನೀರು ಹಿಡಿಯುತ್ತದೆ. ಮುಟ್ಟಿನ ಮೊದಲಿನ ದಿನಗಳಂತೂ ನಿನಗೇ ಗೊತ್ತು. ಮೊದಲ ವಾರ ಎರಡು ಕಿಲೋ ಇಳಿದಾಗ ಫೋನಿನಲ್ಲಿ ಕುಣಿದಾಡಿದೆಯಲ್ಲ, ಅದರಲ್ಲೂ ಬಹುಪಾಲು ಇದೇ ನೀರು. ಅಂದು ಆ ಅಂಕಿಯನ್ನು ನಂಬಿದ್ದರಿಂದಲೇ ಶನಿವಾರದ ಅಂಕಿಯನ್ನೂ ನಂಬಬೇಕಾಯಿತು. ಅಂದೇ ಹೇಳದೆ ನಿನ್ನ ಜೊತೆ ನಾನೂ ಖುಷಿಪಟ್ಟದ್ದು ನನ್ನ ತಪ್ಪು.

ತೂಕ ನೋಡಲೇಬೇಕೆಂದಿದ್ದರೆ ಗಟ್ಟಿಯಾದ ಸಮ ನೆಲದ ಮೇಲೆ, ಬೆಳಿಗ್ಗೆ ಶೌಚಕ್ಕೆ ಹೋಗಿಬಂದ ಮೇಲೆ, ಏನೂ ತಿನ್ನುವ ಮುಂಚೆ, ಒಂದೇ ಸಲ ನೋಡು. ಬರೆದಿಡು, ಅಷ್ಟೇ. ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಯ ಪಕ್ಕ ಇಟ್ಟು ನೋಡು. ಮುಟ್ಟಿನ ಹತ್ತಿರದ ವಾರವನ್ನು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸು. ಆ ಅಂಕಿ ದಿನವನ್ನೇ ಕೆಡಿಸುತ್ತದೆ ಅನ್ನಿಸಿದರೆ ಮಷೀನ್ ಎತ್ತಿಟ್ಟುಬಿಡು. ಎರಡು ವಾರಕ್ಕೊಮ್ಮೆ ಉಸಿರು ಸಹಜವಾಗಿ ಬಿಟ್ಟು, ಟೇಪ್ ಬಿಗಿಯದೆ, ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆದುಕೊಂಡರೆ ಸಾಕು.

ಮೂರನೇ ಸಲ ಹತ್ತಿ ನಿಂತಾಗ ನಿನ್ನ ಮುಖ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ. ಪರೀಕ್ಷೆಯ ಫಲಿತಾಂಶ ನೋಡುವವಳ ಮುಖ. ಅದಕ್ಕೇ ನನಗೆ ಭಯ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಸರಿಸುಮಾರು ಅರ್ಧ ಊಟ ಕೊಟ್ಟು ನೋಡಿದರು. ಅವರಿಗೆ ಕಂಡದ್ದು, ನೆನೆದದ್ದು ಎಲ್ಲಾ ಊಟವೇ ಆಯಿತು. ಅಡುಗೆ ಪುಸ್ತಕ ಓದುತ್ತ ಕೂತರು. ಸಿಡುಕು, ಮಂಕು, ಚಳಿ. ತಾವಾಗಿ ಒಪ್ಪಿ ಬಂದ ಗಟ್ಟಿ ಮನಸ್ಸಿನವರೇ ಅವರು. ರಾತ್ರಿ ಹನ್ನೊಂದಕ್ಕೆ ನೀನು ಅಡುಗೆಮನೆಯಲ್ಲಿ ನಿಂತದ್ದು ದುರಾಸೆಯಿಂದಲ್ಲ, ಮಧ್ಯಾಹ್ನ ಬಿಟ್ಟ ಊಟವನ್ನು ದೇಹ ಕೇಳಿತು.

ನಿನ್ನ ಲೆಕ್ಕವನ್ನೇ ನೋಡು. ಎರಡು ತಿಂಗಳಲ್ಲಿ ಎಂಟು ಕಿಲೋ ಇಳಿಸಬೇಕು. ಅಂದರೆ ದಿನಕ್ಕೆ ಸಾವಿರ ಕ್ಯಾಲರಿ ಕೊರತೆ. ಐದು ಕಿಲೋಮೀಟರ್ ಓಟಕ್ಕೆ ಮುನ್ನೂರು ಚಿಲ್ಲರೆ ಖರ್ಚಾದರೆ ಉಳಿದ ಏಳುನೂರನ್ನು ತಟ್ಟೆಯಿಂದಲೇ ತೆಗೆಯಬೇಕು. ಅದೂ ದಿನಾ ಓಡುತ್ತ. ಹದಿನೇಳನೇ ದಿನ ಕಾಲು ನೋವು ಅಂತ ಮಲಗಿದ್ದು ಸೋಮಾರಿತನವಾ? ಉಸಿರಿನ ದಮ್ಮು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಮೂಳೆಗೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ದಮ್ಮು ಬಂತು ಅಂತ ಓಡುತ್ತ ಹೋದರೆ ಮೊಣಕಾಲ ಕೆಳಗಿನ ಮೂಳೆ ಉದ್ದಕ್ಕೂ ನೋವು ಹಿಡಿಯುತ್ತದೆ. ವಾರಕ್ಕೆ ಮೂರು ದಿನ ಸಾಕು, ಮಧ್ಯೆ ಒಂದೊಂದು ದಿನ ಬಿಡುವು. ಒಂದು ನಿಮಿಷ ನಿಧಾನವಾಗಿ ಓಡು, ಎರಡು ನಿಮಿಷ ನಡೆ, ಹೀಗೆ ಎಂಟು ಸುತ್ತು. ಇನ್ನೆರಡು ದಿನ ಸ್ನಾಯುಗಳಿಗೆ: ಕುರ್ಚಿಯಿಂದ ಕೂತೇಳುವುದು, ಗೋಡೆಗೆ ಕೈಕೊಟ್ಟು ಪುಷ್-ಅಪ್, ಭಾರ ಎಳೆಯುವುದು, ಒಂದೊಂದೂ 8ರಿಂದ 12 ಸಲ, ಎರಡು ಮೂರು ಸುತ್ತು. ಇನ್ನೆರಡು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸು. ಇದನ್ನು ಬಿಟ್ಟು ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕ ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು.

ಭಾಷಣ ಆಯಿತು, ಗೊತ್ತು. ಇನ್ನೊಂದು ಹೇಳಿ ಬಿಡುತ್ತೇನೆ, ಇದೇ ಮುಖ್ಯ.

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಯಾರು ಹೇಳಿದರೋ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಹನ್ನೆರಡು ವಾರ ಗಮನಿಸಿ ಲೆಕ್ಕ ಹಾಕಿದಾಗ, ಒಂದು ಕೆಲಸ ತಾನಾಗಿ ಆಗುವ ಹಂತಕ್ಕೆ ಬರಲು ನಡುವಿನ ಅಂಕಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ಒಂದು ದಿನ ತಪ್ಪಿದರೆ ಅದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ನಿನ್ನ ಚಾರ್ಟಿನಲ್ಲಿ ಮಾತ್ರ ತಪ್ಪಿದ ದಿನಕ್ಕೆ ಜಾಗವೇ ಇರಲಿಲ್ಲ. ಎರಡು ಮನೆ ಖಾಲಿಯಾದ ಕೂಡಲೇ ಇಡೀ ಹಾಳೆ ಕೆಟ್ಟಂತೆ ಕಂಡಿತು, ಹೇಗೂ ಕೆಟ್ಟಿತಲ್ಲ ಅಂತ ಉಳಿದದ್ದನ್ನೂ ಗೀಚಿದೆ. ಎಲ್ಲಾ ದಿನಗಳನ್ನೂ ಒಂದೇ ಸರಪಳಿಯಾಗಿ ಹಾಕಬೇಡ. ವಾರಕ್ಕೊಂದು ಸಾಲು, ಏಳು ಮನೆ, ನಾಲ್ಕು ತುಂಬಿದರೆ ವಾರ ಗೆದ್ದಂತೆ. ಮೈ ಭಾರವಾಗಿ ಆಗಲ್ಲ ಅನ್ನಿಸುವ ದಿನಕ್ಕೆ ಹತ್ತು ನಿಮಿಷದ ನಡಿಗೆ ಅಂತ ಈಗಲೇ ಬರೆದಿಡು, ಅದಕ್ಕೂ ಟಿಕ್ ಹಾಕು. ‘ದಿನಾ ಮಾಡ್ತೀನಿ’ ಅಂತ ಬರೆಯಬೇಡ. ‘ಹಲ್ಲುಜ್ಜಿದ ಕೂಡಲೇ ಶೂ ಹಾಕ್ತೀನಿ, ಮಳೆ ಬಂದರೆ ಒಳಗೇ ಕೂತೇಳ್ತೀನಿ’ ಅಂತ ಬರೆ. ಯಾವಾಗ, ಯಾವುದರ ಬೆನ್ನಿಗೆ ಅಂತ ಮೊದಲೇ ಗೊತ್ತಿದ್ದರೆ ಬೆಳಿಗ್ಗೆ ಮನಸ್ಸಿನ ಜೊತೆ ವಾದ ಮಾಡುವ ಕೆಲಸ ತಪ್ಪುತ್ತದೆ. ನಿದ್ದೆ ಏಳು ಗಂಟೆಗಿಂತ ಕಮ್ಮಿ ಮಾಡಬೇಡ, ಐದಕ್ಕೇಳುವ ಹಠಕ್ಕೆ ಹನ್ನೆರಡಕ್ಕೆ ಮಲಗಿದರೆ ಮರುದಿನ ಹಸಿವು ಹೆಚ್ಚುತ್ತದೆ.

ಮತ್ತೆ ಮತ್ತೆ ಅದೇ ನೆನಪಾಗುತ್ತದೆ, ಮೂರನೇ ಸಲ ಹತ್ತಿದ್ದು. ಎರಡನೇ ಸಲ ಇಳಿದಾಗಲೇ ಒಳಗೆ ಬಂದು ಭುಜದ ಮೇಲೆ ಕೈಯಿಡಬಹುದಿತ್ತು. ಬರಲಿಲ್ಲ. ಚಾರ್ಟಿನ ಚೂರು ಎಸೆದಿಲ್ಲ, ಟಿಕ್ ಇರುವ ಭಾಗವನ್ನು ಈ ಕವರಿನಲ್ಲಿ ಇಟ್ಟಿದ್ದೇನೆ.

ಕಾಲು ಹೇಗಿದೆ? ಮೂಳೆಯ ಒಂದೇ ಕಡೆ ಬೆರಳಿಟ್ಟಾಗ ಚುಚ್ಚಿದ ಹಾಗೆ ನೋಯುತ್ತಿದ್ದರೆ ಓಡಬೇಡ, ಡಾಕ್ಟರಿಗೆ ತೋರಿಸು. ಸಂಜೆ ಫೋನ್ ಮಾಡು. ತೂಕ ಕೇಳುವುದಿಲ್ಲ, ಊಟ ಆಯ್ತಾ ಅಂತಷ್ಟೇ ಕೇಳುತ್ತೇನೆ.

ಅಮ್ಮ