ಪೆಟ್ಟಿಗೆ ಹೊತ್ತವಳ ಪತ್ರ

ಮುಂಬೈ, ನವೆಂಬರ್

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ "ಆಯ್ತಮ್ಮ, ಆಯ್ತಮ್ಮ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ನೀನು ಎರಡು ಮಾತು ಕೇಳಿದೆ. ಕಾಲೇಜಿನ ಜಗಲಿಯಲ್ಲಿ ಒಬ್ಬರು ಫಾರಿನ್ ಸಿಸ್ಟರಿನ ಫೋಟೊ ಇದೆ, ಯಾರದು ಅಂತ ಒಂದು. "ಬಿ.ಎಡ್.ಗೆ ಮಂಗಳೂರಿಗೇ ಹೋಗು ಅಂತ ಕಳಿಸಿದ್ದು ನೀನು. ಐದು ತಿಂಗಳಾಯ್ತು, ಒಮ್ಮೆಯಾದ್ರೂ ಬಂದು ನೋಡಿದ್ದೀಯಾ" ಅಂತ ಇನ್ನೊಂದು. ಎರಡನೆಯದಕ್ಕೆ ನನಗೆ ಮಾತೇ ಬರಲಿಲ್ಲ. ಮೊದಲನೆಯದು ನನಗೆ ಚೆನ್ನಾಗಿ ಗೊತ್ತು.

ಅವರು ಮದರ್ ವೆರೋನಿಕಾ. ನಿಮ್ಮ ಕಾರ್ಮೆಲ್ ಸಿಸ್ಟರುಗಳ ಸಂಸ್ಥೆಯನ್ನು, ಅಂದರೆ ಅಪೊಸ್ತಲಿಕ್ ಕಾರ್ಮೆಲನ್ನು, ಕಟ್ಟಿದವರು.

ನಾನು ಒಂಬತ್ತನೆಯಲ್ಲಿದ್ದಾಗ ಸ್ಕೂಲ್ ಡೇಗೆ ಅವರ ಕಥೆಯನ್ನೇ ನಾಟಕ ಮಾಡಿದ್ದೆವು. ಬೆಳ್ಳಗಿದ್ದವರೆಲ್ಲ ಸಿಸ್ಟರುಗಳಾದರು. ನನಗೆ ಸಿಕ್ಕಿದ್ದು ಬಂದರಿನಲ್ಲಿ ಪೆಟ್ಟಿಗೆ ಹೊರುವ ಕೂಲಿಯ ಪಾರ್ಟು. ಡೈಲಾಗಿಲ್ಲ. ತಲೆಗೆ ಅಜ್ಜನ ಬೈರಾಸು, ತೆಂಗಿನ ನಾರಿನ ಮೀಸೆ. ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ, ಆದರೂ ಭಾರ ಇದ್ದ ಹಾಗೆ ಸೊಂಟ ಬಗ್ಗಿಸಬೇಕು. ದೋಣಿಯಿಂದ ಇಳಿದವರಲ್ಲಿ ಮದರ್ ವೆರೋನಿಕಾ ಯಾರು, ಯಾರ ಹಿಂದೆ ನಡೆಯಲಿ ಅಂತ ಸಿಸ್ಟರನ್ನು ಕೇಳಿದೆ. "ಅವರು ಬರಲಿಲ್ಲ ಮಗಾ" ಅಂದರು. ನನಗೆ ನಾಟಕದ ರುಚಿಯೇ ಹೋಯಿತು. ಹೀರೋಯಿನ್ನೇ ಇಲ್ಲದ ಸೀನು!

ಅವರ ಮೊದಲ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಈಗಿನ ಇಸ್ತಾಂಬುಲ್‌ನಲ್ಲಿ. ಅಪ್ಪ ಇಂಗ್ಲೆಂಡಿನ ಪ್ರಾಟೆಸ್ಟಂಟ್ ಚರ್ಚಿನ ಪಾದ್ರಿ, ಬೈಬಲನ್ನು ಆಡುಮಾತಿನ ಗ್ರೀಕ್‌ಗೆ ತರುವ ಕೆಲಸ ಮಾಡಿಸಿದವರು. ಅಂಥ ಮನೆಯ ಮಗಳು 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕಳಾದಳು. ನಮ್ಮಲ್ಲಿ ಜಾತಿ ಬಿಟ್ಟು ಮದುವೆಯಾದರೆ ಎಷ್ಟು ರಂಪ ಆಗುತ್ತದೆ, ಹಾಗೇ ಲೆಕ್ಕ ಹಾಕು. ಆಮೇಲೆ ಸಿಸ್ಟರಾಗಿ 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದು ಶಾಲೆ ನಡೆಸಿದರು. ಅಂದರೆ ನಮ್ಮ ಕಡಲ ಗಾಳಿ, ನಮ್ಮ ಮಳೆ ಅವರಿಗೆ ಗೊತ್ತಿತ್ತು.

ಕಾರ್ಮೆಲ್ ಅಂದರೆ ಆಗ ಕದ ಮುಚ್ಚಿದ ಮಠ. ಒಳಗೆ ಹೋದವರು ಹೊರಗೆ ಬರುವ ಹಾಗಿಲ್ಲ. ಮೌನ, ಪ್ರಾರ್ಥನೆ, ಅಷ್ಟೇ. ಅವರ ಮನಸ್ಸು ಅದರ ಕಡೆಗೇ ಎಳೆಯುತ್ತಿತ್ತು. ಆದರೆ ಈ ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದ ಮರಿ ಎಫ್ರೆಮ್ ಅನ್ನುವ ಪಾದ್ರಿಗಳಿಗೆ ಬೇಕಿದ್ದದ್ದು ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕಾರ್ಮೆಲ್ ಸಿಸ್ಟರುಗಳು. ಅವರೇ ಮುಂದೆ ಮಂಗಳೂರಿನ ಬಿಷಪ್ ಆದರು. ಪ್ರಾರ್ಥನೆಯೂ ಇರಬೇಕು, ಕರಿಹಲಗೆಯೂ ಇರಬೇಕು. ಹಾಗೆ ಹೇಳುವುದು ಸುಲಭ, ಅಲ್ವಾ? ಅಂಥವರು ಎಲ್ಲೂ ಇರಲಿಲ್ಲ, ತಯಾರು ಮಾಡಬೇಕಿತ್ತು. ಫ್ರಾನ್ಸಿನ ಪೋ ಊರಿನ ಮಠ ಸೇರಿದ್ದ ವೆರೋನಿಕಾ ಅಲ್ಲಿಂದ ಹೊರಟು 1868ರಲ್ಲಿ ಬಯೋನ್‌ನಲ್ಲಿ ಒಂದು ಮನೆ ಶುರು ಮಾಡಿದರು. ನನ್ನನ್ನು ಕೇಳಿದರೆ ಅದೂ ಒಂಥರಾ ನಿನ್ನ ಬಿ.ಎಡ್. ಕಾಲೇಜೇ.

1870ರ ನವೆಂಬರ್ 19ರಂದು ಅವರ ಮೊದಲ ಸಿಸ್ಟರುಗಳು ಮಂಗಳೂರಿಗೆ ಬಂದರು. ಮುಂದಾಳು ಮದರ್ ಮರಿ ದೆ ಆಂಜ್. ನಾನು ಪೆಟ್ಟಿಗೆ ಹೊತ್ತದ್ದು ಅವರದು. ಅದೇ ವರ್ಷ ಕದ ಮುಚ್ಚಿದ ಮಠದ ಕಾರ್ಮೆಲ್ ಸಿಸ್ಟರುಗಳೂ ಬಂದಿದ್ದರು. ಅವರಲ್ಲಿ ಮೂವರು ದಾರಿಯಲ್ಲೇ ತೀರಿಹೋದರು. ಆ ಗುಂಪಿನಲ್ಲಿ ಮರಿಯಂ ಅನ್ನುವ ಅರಬ್ ಹುಡುಗಿ ಇದ್ದಳು. ಅವಳನ್ನು ಪೋ ಮಠಕ್ಕೆ ಕರೆದುಕೊಂಡು ಹೋಗಿದ್ದು ವೆರೋನಿಕಾ ಅವರೇ. ಮಂಗಳೂರಿನಲ್ಲಿ ಎರಡು ವರ್ಷ ಇದ್ದು ಹೋದಳು. 2015ರಲ್ಲಿ ಅವಳನ್ನು ಸಂತಳೆಂದು ಸಾರಿದರು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಬಯೋನ್ ಮನೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ವೆರೋನಿಕಾ ಮತ್ತೆ ಪೋ ಮಠದ ಒಳಗೆ ಹೋದರು. ಮಂಗಳೂರಿನಲ್ಲಿ ಸಿಸ್ಟರುಗಳ ಸೇಂಟ್ ಆನ್ಸ್ ಶಾಲೆ ಬೆಳೆಯಿತು, ಮಕ್ಕಳು ತುಂಬಿದರು. ವೆರೋನಿಕಾ ಮಾತ್ರ ಬರಲೇ ಇಲ್ಲ. ಇಲ್ಲಿನ ಸುದ್ದಿ ಏನಿದ್ದರೂ ಹಡಗಿನಲ್ಲಿ ಕಾಗದವಾಗಿ ಹೋಗಬೇಕು. 1906ರಲ್ಲಿ ಪೋದಲ್ಲೇ ಹೋದರು, 83 ವರ್ಷ. ಅವರ ಸಂಸ್ಥೆಯ ಕಾಲೇಜುಗಳು ಬಂದದ್ದು ಆಮೇಲೆ: ಮಂಗಳೂರಿನ ಸೇಂಟ್ ಆಗ್ನೆಸ್ ಶುರುವಾಗಿದ್ದು 1921ರಲ್ಲಿ, ಬೆಂಗಳೂರಿನ ಮೌಂಟ್ ಕಾರ್ಮೆಲ್ 1948ರಲ್ಲಿ. ಇಲ್ಲಿ ಬಾಂದ್ರಾದಲ್ಲೂ ಅವರದೇ ಶಾಲೆ ಇದೆ. ಬಸ್ಸಿನಲ್ಲಿ ಆ ಕಡೆ ಹೋದಾಗೆಲ್ಲ ಬೋರ್ಡು ನೋಡುತ್ತೇನೆ, ಯಾಕೋ ಮೀಸೆ ತುರಿಸಿದ ಹಾಗಾಗುತ್ತದೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಹಗಲು ಫೋರ್ಟಿನ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಕಲಿತವರು ಅವರು. "ನಮ್ಮ ಮಾಸ್ತರು ಬ್ಯಾಂಕಿನಿಂದ ಸೀದಾ ಬರುತ್ತಿದ್ದರು, ಟಿಫಿನ್ ಡಬ್ಬಿ ಕೈಯಲ್ಲೇ ಇರುತ್ತಿತ್ತು. ಅವರಿಗೆ ಯಾವ ಬಿ.ಎಡ್.?" ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, "ಆದ್ರೆ ಆ ಲೆಕ್ಕ ನನಗೆ ಇವತ್ತಿಗೂ ತಲೆಗೆ ಹತ್ತಿಲ್ಲ" ಅಂದರು. ನೀನು ಲೆಕ್ಕದ ಟೀಚರಾಗುತ್ತೀಯ ಅಂತ ಗಲ್ಲಾಕ್ಕೆ ಬಂದವರಿಗೆಲ್ಲ ಹೇಳುತ್ತಾರೆ, ಗೊತ್ತಾ?

ಇನ್ನು ನಿನ್ನ ಎರಡನೇ ಮಾತು. ಅಜ್ಜಿಯ ಸೊಂಟ, ಹೋಟೆಲಿನಲ್ಲಿ ಹುಡುಗರಿಲ್ಲದ್ದು, ಎಲ್ಲ ನಿಜವೇ. ಆದರೆ ಜೂನ್‌ನಲ್ಲಿ ಕುರ್ಲಾದಲ್ಲಿ ನಿನ್ನನ್ನು ಮತ್ಸ್ಯಗಂಧಾ ರೈಲು ಹತ್ತಿಸಿ ವಾಪಸ್ ಬಂದವಳು ಎರಡು ದಿನ ನಿನ್ನ ರೂಮಿನ ಬಾಗಿಲು ತೆಗೆದಿರಲಿಲ್ಲ. ಅಲ್ಲಿಗೆ ಬಂದರೆ ಮತ್ತೆ ನಿನ್ನನ್ನು ಬಿಟ್ಟು ಹೊರಡಬೇಕಲ್ಲ, ಅದಕ್ಕೇ ಹೆದರಿದ್ದೆ. ಬೇರೆ ನೆಪ ಹೇಳುವುದಿಲ್ಲ.

ನಿನ್ನೆ ಡಿಸೆಂಬರಿಗೆ ಟಿಕೆಟ್ ತೆಗೆದಿದ್ದೇನೆ. ವೇಟಿಂಗ್ 41. ಕನ್ಫರ್ಮ್ ಮಾಡಿಸಲು ಅಪ್ಪ ಯಾರಯಾರನ್ನೋ ಹಿಡಿಯುತ್ತಿದ್ದಾರೆ. ಚಕ್ಕುಲಿ ತರುತ್ತೇನೆ. ನಿನಗೆ ಇನ್ನೇನು ಬೇಕು, ಬರೆ. ಆ ಫೋಟೊದ ಕೆಳಗೆ ಏನು ಬರೆದಿದ್ದಾರೆ ಅಂತಲೂ ನೋಡಿ ಹೇಳು.

ನಿನ್ನ
ಅಮ್ಮ